ಮೇಳ ಮತ್ತು ಶಾಲೆ: ಕೆರೆಮನೆ ಶಂಭು ಹೆಗಡೆಯವರ ನೃತ್ಯಶಿಕ್ಷಣ

ವೃತ್ತಿನರ್ತಕನ ಶಿಕ್ಷಣವೆಂದೊಡನೆ ಪಾಶ್ಚಾತ್ಯ ಬ್ಯಾಲೆಯ ಶಾಲೆಗಳು ನೆನಪಾಗುತ್ತವೆ. ಎಳವೆಯಲ್ಲಿ ಪ್ರವೇಶ, ವರ್ಷಗಟ್ಟಲೆ ನಿತ್ಯಾಭ್ಯಾಸ, ಸಮೂಹನರ್ತನದಲ್ಲಿ ಮೊದಲ ರಂಗಪ್ರವೇಶ, ಅರ್ಹತೆಯಿದ್ದಲ್ಲಿ ಮುಖ್ಯ ಪಾತ್ರ: ಇದು ಅಲ್ಲಿನ ಕ್ರಮ. ಉತ್ತರ ಕನ್ನಡದಲ್ಲಿ, ಕಾಳಿ ನದಿಯ ದಂಡೆಯ ಕದ್ರಾದಿಂದ ಅಂಕೋಲೆ, ಕುಮಟೆಗಳನ್ನು ದಾಟಿ ಹೊನ್ನಾವರಕ್ಕೆ ಬಂದರೆ ಇಂಥದೇ ಮೆಟ್ಟಿಲುಗಳುಳ್ಳ ಮತ್ತೊಂದು ಕ್ರಮ ಕಾಣುತ್ತದೆ. ಅದು ಬಡಗುತಿಟ್ಟು ಯಕ್ಷಗಾನ ಮೇಳದ್ದು. ಈ ಎರಡು ಕ್ರಮಗಳು ಕೆರೆಮನೆ ಶಂಭು ಹೆಗಡೆಯವರ (1938-2009) ಬದುಕಿನಲ್ಲಿ ಸಂಧಿಸಿದವು.

ಮೇಳದಲ್ಲಿ ಪ್ರತ್ಯೇಕ ಪಾಠಶಾಲೆಯಿರಲಿಲ್ಲ, ತಿರುಗಾಟವೇ ಶಾಲೆ. ಹುಡುಗನು ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳಲ್ಲಿ ಹೆಜ್ಜೆಯಿಟ್ಟು, ಪೀಠಿಕಾ ಸ್ತ್ರೀವೇಷವನ್ನು ದಾಟಿ, ಕ್ರಮೇಣ ಪ್ರಸಂಗದೊಳಗೆ ಬರುತ್ತಿದ್ದನು. ಚೌಕಿಯಲ್ಲಿ ಬಣ್ಣಗಾರಿಕೆ, ರಂಗಸ್ಥಳದಲ್ಲಿ ತಾಳಜ್ಞಾನ, ಹಿರಿಯರ ಮಾತು ಕೇಳುತ್ತ ಅರ್ಥಗಾರಿಕೆ ಅವನಿಗೆ ಒಲಿಯುತ್ತಿದ್ದವು. ಕಲಿಕೆಯ ಬಂಡವಾಳವೆಂದರೆ ಇಡೀ ರಾತ್ರಿಯ ಆಟಗಳ ಸಂಖ್ಯೆಯೇ.

ಶಂಭು ಹೆಗಡೆಯವರು ಈ ಪರಿಸರದಲ್ಲಿಯೇ ಬೆಳೆದವರು. ತಂದೆ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಸ್ಥಾಪಿಸಿದ್ದರು. ಮನೆಯ ವಿದ್ಯೆ ಕೈಯಲ್ಲಿದ್ದರೂ ಶಂಭು ಹೆಗಡೆಯವರು ದೆಹಲಿಗೆ ತೆರಳಿ ಮಾಯಾರಾವ್ ಅವರಲ್ಲಿ ನೃತ್ಯಸಂಯೋಜನೆಯನ್ನು ಅಭ್ಯಸಿಸಿದುದು ಯಕ್ಷಗಾನದ ಇತಿಹಾಸದಲ್ಲಿ ಗಮನಾರ್ಹ ಘಟನೆ.

ಬೆಂಗಳೂರಿನಲ್ಲಿ ಕಥಕ್ ಕಲಿಯಲಾರಂಭಿಸಿದ ಮಾಯಾರಾವ್ (1928-2014), ದೆಹಲಿಯಲ್ಲಿ ಶಂಭು ಮಹಾರಾಜರ ಶಿಷ್ಯೆಯಾದರು. 1960ರ ದಶಕದ ಆರಂಭದಲ್ಲಿ ಮಾಸ್ಕೋದಲ್ಲಿ ನೃತ್ಯಸಂಯೋಜನೆಯನ್ನು ವ್ಯಾಸಂಗ ಮಾಡಿ, 1964ರಲ್ಲಿ ದೆಹಲಿಯಲ್ಲಿ ಆ ವಿಷಯಕ್ಕೆಂದೇ ನಾಟ್ಯ ಸಂಸ್ಥೆಯೊಂದನ್ನು ಆರಂಭಿಸಿದರು. ರಷ್ಯದ ಬ್ಯಾಲೆ ಪರಂಪರೆಯಲ್ಲಿ ರೂಪುಗೊಂಡ ಸಂಯೋಜನಾಶಾಸ್ತ್ರವು ಹೀಗೆ ಭಾರತೀಯ ನರ್ತಕರಿಗೆ ಪಾಠವಾಗಿ ದೊರಕಿತು. 1987ರಲ್ಲಿ ಅವರ ಕಾರ್ಯಕ್ಷೇತ್ರ ಬೆಂಗಳೂರಿಗೆ ಸ್ಥಳಾಂತರಗೊಂಡಿತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬ್ಯಾಲೆಯ ನರ್ತಕ ಸಾಮಾನ್ಯವಾಗಿ ಮಾತನಾಡುವುದಿಲ್ಲ; ಅವನ ಚಲನೆಗಳು ಪೂರ್ವನಿರ್ಧರಿತ. ಯಕ್ಷಗಾನದ ವೇಷಧಾರಿಯಾದರೋ ಭಾಗವತನ ಪದಕ್ಕೆ ಕುಣಿದು, ಆ ಪದದ ಅರ್ಥವನ್ನು ಆಶುವಾಗಿ ವಿಸ್ತರಿಸುವವನು. ಅವನಿಗೆ ಸಂಯೋಜನಾಶಾಸ್ತ್ರದಿಂದ ಆಗುವ ಪ್ರಯೋಜನವೇನು? ಮೇಳದಲ್ಲಿ ಹೆಜ್ಜೆಯು ವೇಷದೊಡನೆ ಬೆರೆತೇ ಬರುತ್ತದೆ. ಅದನ್ನು ಬಿಡಿಸಿ ನೋಡುವ ಅವಕಾಶ ಕಡಿಮೆ. ಸಂಯೋಜಕನ ದೃಷ್ಟಿಯಾದರೋ ನಿಲುವು, ಹೆಜ್ಜೆ, ರಂಗಸ್ಥಳದ ಬಳಕೆ, ಕಾಲಾವಧಿ ಇವನ್ನು ಬೇರೆಬೇರೆಯಾಗಿ ಗುರುತಿಸುತ್ತದೆ. ಬೇರ್ಪಡಿಸಿದುದನ್ನು ಕ್ರಮವಾಗಿ ಕಲಿಸಬಹುದು. ಮೇಳದ ಮನೆಯಲ್ಲಿ ಹುಟ್ಟದವನೂ ಆಗ ಅದನ್ನು ಕಲಿಯಬಲ್ಲ.

1986ರಲ್ಲಿ ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಶಂಭು ಹೆಗಡೆಯವರು ಆರಂಭಿಸಿದ ಶ್ರೀಮಯ ಯಕ್ಷಗಾನ ರಂಗಶಿಕ್ಷಣ ಕೇಂದ್ರವನ್ನು ಈ ಹಿನ್ನೆಲೆಯಲ್ಲಿ ಕಾಣಬೇಕು. ಕರಾವಳಿಯಲ್ಲಿ ಇದು ಮೊದಲ ಪ್ರಯತ್ನವಲ್ಲ. ಉಡುಪಿಯ ಯಕ್ಷಗಾನ ಕೇಂದ್ರ 1971ರಲ್ಲಿಯೇ ಆರಂಭವಾಗಿತ್ತು. ಇಡೀ ರಾತ್ರಿಯ ಆಟಗಳ ಜೊತೆಗೆ ಕಾಲಮಿತಿಯ ಪ್ರದರ್ಶನಗಳು ಹೆಚ್ಚಿದಂತೆ, ಹುಡುಗನೊಬ್ಬ ರಂಗಸ್ಥಳದಲ್ಲಿಯೇ ಕಲಿಯುವ ಗಳಿಗೆಗಳು ಕಡಿಮೆಯಾಗತೊಡಗಿದವು. ಆ ಕೊರತೆಯನ್ನು ತುಂಬುವುದು ಶಾಲೆಯ ಹೊಣೆಯಾಯಿತು.

ಆದರೆ ಶಾಲೆಗೂ ಮಿತಿಯುಂಟು. ತಾಳ, ಹೆಜ್ಜೆ, ಅಭಿನಯಗಳನ್ನು ತರಗತಿಯಲ್ಲಿ ತಿದ್ದಬಹುದು. ಎದುರು ವೇಷಧಾರಿಯ ಅನಿರೀಕ್ಷಿತ ಮಾತಿಗೆ ತಕ್ಕ ಉತ್ತರ ಕೊಡುವ ಶಕ್ತಿ ರಂಗಸ್ಥಳದಲ್ಲಿಯೇ ಮೈಗೂಡಬೇಕು. ಶಂಭು ಹೆಗಡೆಯವರು ಶಾಲೆ ಕಟ್ಟಿದ ಮೇಲೂ ವೇಷ ಬಿಡಲಿಲ್ಲ. 2009ರ ಫೆಬ್ರವರಿ 3ರಂದು ನಿಧನರಾದ ಅವರ ಕೊನೆಯ ವೇಷ ಇಡಗುಂಜಿಯಲ್ಲಿ ನಡೆದ ಆಟದ್ದೇ ಆಗಿತ್ತು. ಆನಂತರ ಮಂಡಳಿ ಮತ್ತು ಕೇಂದ್ರಗಳ ಹೊಣೆ ಅವರ ಮಗ ಶಿವಾನಂದ ಹೆಗಡೆಯವರದಾಯಿತು. ಮೇಳವಿಲ್ಲದ ಶಾಲೆ ಹೆಜ್ಜೆಯನ್ನಷ್ಟೇ ಉಳಿಸೀತು, ಶಾಲೆಯಿಲ್ಲದ ಮೇಳ ಮುಂದಿನ ಹುಡುಗನಿಗಾಗಿ ಕಾಯಬೇಕಾದೀತು ಎಂಬುದು ಈ ವೃತ್ತಿಜೀವನದಿಂದ ಸ್ಪಷ್ಟವಾಗುತ್ತದೆ.