ಶೇಂಗಾ ಸೀಮೆಯ ಕಥೆ: ಪೆಟ್ಟು ಯಾರಿಗೆ, ಪರಿಹಾರ ಯಾರಿಗೆ?



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದೆ. ಈ ಸಂತೋಷದ ಹೊತ್ತಿನಲ್ಲಿ ಹೊಗಳಿಕೆಯ ಮಾತು ಬರೆಯುವವರು ಬೇರೆ ಇದ್ದಾರೆ. ಸರ್ಕಾರದ ನೀತಿ ಬದಲಾದಾಗ ಪೆಟ್ಟು ತಿಂದವರ ಗತಿ ಏನಾಯಿತು ಎಂಬ ನಮ್ಮ ಸೀಮೆಯ ಇತಿಹಾಸವನ್ನು ನಾನು ನೆನಪು ಮಾಡಬೇಕೆಂದಿದ್ದೇನೆ.

ಚಳ್ಳಕೆರೆಗೆ ಎಣ್ಣೆ ನಗರ ಎಂದು ಹೆಸರು. "ಎಣ್ಣೆಗೆ ಮುಂಬೈ ಬಿಟ್ಟರೆ ಚಳ್ಳಕೆರೆ" ಎಂದು ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದರು. ಮಳೆ ಕಮ್ಮಿಯ ನಮ್ಮ ಕೆಂಪು ನೆಲಕ್ಕೆ ಶೇಂಗಾ ಒಗ್ಗಿದ ಬೆಳೆ. ಸುಗ್ಗಿ ಬಂತೆಂದರೆ ಮಂಡಿ ಮುಂದೆ ಗಾಡಿಗಳ ಸಾಲು. ಎಣ್ಣೆ ಊರೂರಿಗೆ ಹೋಗುತ್ತಿತ್ತು, ಹಿಂಡಿ ದನಕ್ಕೆ, ಹೊಟ್ಟು ಒಲೆಗೆ. ರೈತರಷ್ಟೇ ಅಲ್ಲ, ಹಮಾಲರು, ಬೀಜ ಆರಿಸುವ ಹೆಂಗಸರು, ಲಾರಿಯವರು ಎಲ್ಲರೂ ಅದರಲ್ಲೇ ಬದುಕಿದ್ದರು. 1986ರಲ್ಲಿ ಕೇಂದ್ರ ಸರ್ಕಾರವೇ ಎಣ್ಣೆಬೀಜಗಳ ತಾಂತ್ರಿಕ ಮಿಷನ್ ಶುರು ಮಾಡಿ "ಎಣ್ಣೆಬೀಜ ಬೆಳೆಯಿರಿ" ಎಂದಿತು. ನಾವು ಬೆಳೆದೆವು. ತೊಂಬತ್ತರ ದಶಕದ ಆರಂಭಕ್ಕೆ ದೇಶ ಅಡುಗೆ ಎಣ್ಣೆಯಲ್ಲಿ ಹೆಚ್ಚು ಕಡಿಮೆ ಸ್ವಾವಲಂಬಿಯಾಯಿತು.

ಅಷ್ಟರಲ್ಲಿ 1991ರ ಹೊಸ ಆರ್ಥಿಕ ನೀತಿ ಬಂದಿತ್ತು. 1994ರಲ್ಲಿ ಪಾಮೋಲಿನ್ ಎಣ್ಣೆಯನ್ನು ಶೇ. 65 ಸುಂಕದ ಮೇಲೆ ಯಾರು ಬೇಕಾದರೂ ತರಿಸಬಹುದು ಎಂದಾಯಿತು. 1995ರಲ್ಲಿ ಬಹುತೇಕ ಎಲ್ಲ ಅಡುಗೆ ಎಣ್ಣೆಗಳಿಗೂ ಬಾಗಿಲು ತೆರೆದು ಸುಂಕ ಶೇ. 30ಕ್ಕೆ ಇಳಿಯಿತು. 1998ಕ್ಕೆ ಶೇ. 15. ಮಲೇಷಿಯಾ, ಇಂಡೋನೇಷಿಯಾದ ಎಣ್ಣೆ ನಮ್ಮ ಅಂಗಡಿಗೆ ಬಂತು. ಅದೇ 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆಯಿಂದ ಜನ ಸತ್ತ ಮೇಲೆ, ಎಣ್ಣೆ ಪ್ಯಾಕೆಟ್ಟಿನಲ್ಲೇ ಮಾರಬೇಕೆಂಬ ಆದೇಶ ಬಂತು. ಆದೇಶ ಒಳ್ಳೆಯದೇ, ಆದರೆ ಸಣ್ಣ ಮಿಲ್ಲಿನವರಿಗೆ ಅದೂ ಒಂದು ಭಾರ. ಒಂದೊಂದಾಗಿ ಮಿಲ್ಲುಗಳಿಗೆ ಬೀಗ ಬಿತ್ತು.

ಒಂದು ತಪ್ಪು ತಿಳಿಯಬಾರದು. ಬರ, ರೋಗ, ಬತ್ತಿದ ಬೋರ್‌ವೆಲ್ ಇವೂ ಶೇಂಗಾವನ್ನು ಹೊಡೆದವು. ಅಗ್ಗದ ಎಣ್ಣೆಯಿಂದ ಬಡವರ ಒಗ್ಗರಣೆಗೂ ಅನುಕೂಲವಾಯಿತು. ಆದರೆ ಕೋಟಿ ಜನಕ್ಕೆ ಆದ ಅನುಕೂಲದ ಬೆಲೆ ತೆತ್ತವರು ಯಾರು, ಅವರಿಗೆ ಏನು ಕೊಟ್ಟರು ಎಂಬುದೇ ಪ್ರಶ್ನೆ.

ಸರ್ಕಾರಕ್ಕೆ ಈ ವಿಚಾರ ಹೊಳೆದಿರಲಿಲ್ಲ ಎನ್ನುವಂತಿಲ್ಲ. ಅಮೆರಿಕದಲ್ಲಿ 1962ರಲ್ಲೇ ಆಮದಿನಿಂದ ಕೆಲಸ ಕಳೆದುಕೊಂಡವರಿಗೆ ಭತ್ಯೆ, ತರಬೇತಿ ಕೊಡುವ ಕಾನೂನು ಆಯಿತು (ಆ ಯೋಜನೆಯ ಅವಧಿ 2022ರಲ್ಲಿ ಮುಗಿಯಿತು). ನಮ್ಮಲ್ಲೂ 1992ರಲ್ಲಿ ರಾಷ್ಟ್ರೀಯ ನವೀಕರಣ ನಿಧಿ ಎಂದು ಮಾಡಿದರು. ಅದರ ಹಣ ಬಹುಪಾಲು ಸರ್ಕಾರಿ ಕಾರ್ಖಾನೆಗಳ ನೌಕರರ ಸ್ವಯಂ ನಿವೃತ್ತಿಗೆ ಹೋಯಿತು. ಅವರ ಹೆಸರು ಹಾಜರಿ ಪುಸ್ತಕದಲ್ಲಿತ್ತು. ನಮ್ಮ ಹಮಾಲರ ಹೆಸರು ಯಾವ ಪುಸ್ತಕದಲ್ಲಿತ್ತು?

ರೈತರಿಗೆ ಸಿಕ್ಕಿದ್ದು ಸಾಲ ಮನ್ನಾ. 1990ರಲ್ಲಿ ರೂ. 10,000ದವರೆಗೆ ಒಮ್ಮೆ ಆಗಿತ್ತು. 2008ರಲ್ಲಿ ಐದು ಎಕರೆ ಒಳಗಿನವರ ಸುಸ್ತಿ ಸಾಲ ಪೂರ್ತಿ ಮನ್ನಾ ಆಯಿತು, ಹೆಚ್ಚು ಜಮೀನಿದ್ದವರಿಗೆ ಒಂದು ಪಾಲು ರಿಯಾಯಿತಿ. ರಾಜ್ಯದಲ್ಲಿ 2017ರಲ್ಲಿ ಸಹಕಾರ ಸಂಘಗಳ ಬೆಳೆ ಸಾಲ ರೂ. 50,000, 2018ರಲ್ಲಿ ರೂ. 1 ಲಕ್ಷದವರೆಗೆ. ಇದರಿಂದ ಎಷ್ಟೋ ಮನೆ ಉಳಿದವು, ಸುಳ್ಳಲ್ಲ.

ಆದರೆ 2008ರ ಲೆಕ್ಕದಲ್ಲಿ 2007ರ ಡಿಸೆಂಬರ್ 31ಕ್ಕೆ ಸಾಲ ಸುಸ್ತಿಯಾಗಿರಬೇಕಿತ್ತು. ನಮ್ಮ ಅಪ್ಪ ಆ ವರ್ಷ ಯುಗಾದಿ ಮುಂಚೆ ಜೋಡಿ ಎತ್ತು ಮಾರಿ ಸಾಲ ಚುಕ್ತಾ ಮಾಡಿದ್ದರು. ಪಕ್ಕದ ಹೊಲದವರದು ಮನ್ನಾ ಆಯಿತು. "ತೀರಿಸಿದ್ದೇ ನನ್ನ ತಪ್ಪೇನಪ್ಪಾ?" ಎಂದು ಅಪ್ಪ ಕೇಳಿದ ಮಾತಿಗೆ, ಈಗ ನಿರ್ದೇಶಕನಾಗಿ ಕೂತಿರುವ ನನ್ನಲ್ಲಿ ಇವತ್ತಿಗೂ ಉತ್ತರ ಇಲ್ಲ. ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ ಸೋದರಮಾವನಿಗೆ ಸಾಲವೂ ಇರಲಿಲ್ಲ, ಮನ್ನಾವೂ ಇಲ್ಲ. ಬೆಂಗಳೂರಿನ ಬಸ್ಸು ಹತ್ತಿದರು. ಪಹಣಿ ಇಲ್ಲದೆ ಕೋರಿಗೆ ಹೊಲ ಮಾಡುವವರ ಪಾಡೂ ಅಷ್ಟೆ.

ಮೊಳಕಾಲ್ಮೂರಿನಲ್ಲಿ ರೇಷ್ಮೆಗೂ ಇದೇ ಕಥೆ. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿಯಿತು. ಸೀರೆ ನೇಯುವವರಿಗೆ ನೂಲು ಅಗ್ಗವಾದರೆ ಒಳ್ಳೆಯದು, ಗೂಡು ಬೆಳೆಯುವವರಿಗೆ ಅದೇ ಪೆಟ್ಟು. ಒಂದೇ ತಾಲ್ಲೂಕಿನ ಅಣ್ಣತಮ್ಮಂದಿರು. ರೈತರು ಬೀದಿಗಿಳಿದ ಮೇಲೆ, 2013ರಲ್ಲಿ ಸುಂಕ ಶೇ. 15ಕ್ಕೆ ಏರಿತು. ಅಷ್ಟರೊಳಗೆ ಹಿಪ್ಪುನೇರಳೆ ಕಿತ್ತವರು ಕಿತ್ತಾಗಿತ್ತು. ಎಣ್ಣೆ ಸುಂಕವೂ ಹಾಗೇ, 2024ರ ಸೆಪ್ಟೆಂಬರಿನಲ್ಲಿ ಏರಿತು, 2025ರ ಮೇ ತಿಂಗಳಲ್ಲಿ ಕಚ್ಚಾ ಎಣ್ಣೆಗೆ ಇಳಿಯಿತು. ಬಿತ್ತಿದವನು ಯಾವುದನ್ನು ನಂಬಬೇಕು? ಬೆಳೆ ವಿಮೆ ಮಳೆ ಕೈಕೊಟ್ಟರೆ ಉಂಟು, ಆಮದಿನಿಂದ ಬೆಲೆ ಬಿದ್ದರೆ ಇಲ್ಲ.

ಇದರಿಂದ ನಾನು ಕಲಿತದ್ದು ಇಷ್ಟೇ. ನೀತಿ ಬದಲಿಸುವ ದಿನವೇ ಪೆಟ್ಟು ಬೀಳುವವರನ್ನು ಎಣಿಸಬೇಕು. ಹತ್ತು ವರ್ಷ ಬಿಟ್ಟು, ಸಾಲದ ಪುಸ್ತಕ ನೋಡಿ ಕೊಡುವುದು ನೊಂದವರನ್ನು ಹುಡುಕಿ ಕೊಟ್ಟಂತಲ್ಲ. ಹೆಸರು ಬರೆದಿಟ್ಟವರಿಗೆ ಮಾತ್ರ ಪರಿಹಾರ ಎನ್ನುವುದಾದರೆ, ಬರೆದಿಡುವ ಕೆಲಸ ನಮ್ಮ ಸಂಘದ್ದು. ಸದಸ್ಯರ ಬೆಳೆ, ಮಾರಿದ ಬೆಲೆ, ಸಕಾಲಕ್ಕೆ ಕಟ್ಟಿದ ಕಂತು ಎಲ್ಲ ನಮ್ಮ ದಾಖಲೆಯಲ್ಲಿರಲಿ. ಕೋರಿನವರೂ ಕೂಲಿಯವರೂ ಷೇರುದಾರರಾಗಲಿ.

ನಾಯಕನಹಟ್ಟಿ ತಿಪ್ಪೇಸ್ವಾಮಿ ಕೆರೆ ಕಟ್ಟಿಸಿದಾಗ "ಮಾಡಿದಷ್ಟು ನೀಡು ಭಿಕ್ಷೆ" ಎಂದರಂತೆ. ದುಡಿದವರ ಲೆಕ್ಕ ಅಯ್ಯನ ಹತ್ತಿರ ಇತ್ತು. ಮುಂದಿನ ಇಪ್ಪತ್ತೈದು ವರ್ಷದಲ್ಲಿ ಆ ಲೆಕ್ಕ ನಮ್ಮ ಸಂಘದಲ್ಲೂ ಇರಲಿ ಎಂದು ಹಾರೈಸುತ್ತಾ ಮುಗಿಸುತ್ತೇನೆ.

ಜೈ ಸಹಕಾರ.