ಖರೇ ಧಾರವಾಡದವರು ಯಾರು?

ಮೊನ್ನೆ ಸಂಜಿಮುಂದ ನಮ್ಮ ಮನಿ ಕಟ್ಟಿ ಮ್ಯಾಲ ಮಾತಿಗೆ ಮಾತು ಬೆಳೀತು. ಜಗಳ ಅನ್ನೂ ಹಂಗಿಲ್ಲ, ಆದ್ರ ಕಪ್ಪಿನ್ಯಾಗಿನ ಚಾ ಆರಿ ಕೆನಿ ಕಟ್ಟಿದ್ರೂ ಯಾರಿಗೂ ಖಬರ ಇದ್ದಿಲ್ಲ. ನಮ್ಮ ಕಟ್ಟಿ ನಿಮಗ ಗೊತ್ತೈತಲ್ಲ. ಎದುರು ಮನಿ ಕಾಕು, ಬಾಜೂ ಮನಿ ವೈನಿ, ಮೂಲಿ ಮನಿ ಟೀಚರ್ ಅಕ್ಕ, ಮತ್ತ ನಾನು. ನಾಲ್ಕು ಮಂದಿ ಕೂಡಿದ್ವಿ ಅಂದ್ರ ಊರಿನ ಉಸಾಬರಿ ಎಲ್ಲಾ ನಮ್ಮದ. ನಳಾ ಯಾವತ್ತು ಬರತೈತಿ, ಸುಭಾಸ ರೋಡಿನ್ಯಾಗ ಯಾವ ಹಳೇ ಅಂಗಡಿ ಮುಚ್ಚಿತು, ನವಲೂರ ಪ್ಯಾರಲಹಣ್ಣು ಈ ಸಲ ಹೆಂಗ ಅದಾವ, ಮದಲಿನ ಧಾರವಾಡದ ಮಳಿ ಈಗ ಯಾಕ ಇಲ್ಲ, ಇವ ನಮ್ಮ ವಿಷಯ.

ಅವತ್ತಿನ ವಿಷಯ ನಮ್ಮ ಮ್ಯಾಲಿನ ಎರಡು ಖೋಲಿ. ಬಾಡಿಗಿ ಕೇಳ್ಕೊಂಡು ಝಾರ್ಖಂಡ ಕಡಿಯ ಗಂಡ ಹೆಂಡ್ತಿ ಬಂದಿದ್ರು. ಅಂವಗ ಕಾರ್ಖಾನ್ಯಾಗ ಕೆಲಸ. ಆಕಿ ಕಂಕುಳಾಗ ಒಂದು ವರ್ಷದ ಕೂಸು. ಕನ್ನಡ ಒಂದಕ್ಷರ ಬರೂದಿಲ್ಲ. "ಎರಡು ದಿನ ಬಿಟ್ಟು ಹೇಳ್ತೀನಿ" ಅಂತ ಹೇಳಿ ಕಳಿಸಿದ್ದೆ.

"ಹೊರಗಿನವರಿಗೆ ಕೊಡಬ್ಯಾಡ ನಮ್ಮವ್ವಾ" ಅಂದ್ರು ಕಾಕು. "ಈಗ ಬಾಜಾರಕ್ಕ ಹೋದ್ರ ಹಿಂದಿ, ಹೋಟೆಲಿಗೆ ಹೋದ್ರ ಹಿಂದಿ. ಖರೇ ಧಾರವಾಡದವರು ಎಲ್ಲಿ ಉಳದಾರ?"

"ಹೌದ್ರಿ ಮತ್ತ" ಅಂದ್ರು ವೈನಿ.

ನಾನು ನಕ್ಕೆ. "ಹಂಗಾರ ಕಾಕು, ನಾನೂ ಹೊರಗಿನಾಕಿನ. ರಾಯಚೂರು ಕಡಿಯಾಕಿ. ನಿಜಾಮನ ಸೀಮಿ."

"ನಿಂದು ಬ್ಯಾರೆ ಬಿಡವಾ. ನೀ ಸೊಸಿ."

ನೀ ಸೊಸಿ ಅನ್ನೂ ಆ ಮಾತು ರಾತ್ರಿ ತನಕಾ ನನ್ನ ಬೆನ್ನು ಬಿಡಲಿಲ್ಲ. ಮೂವತ್ತೆರಡು ವರ್ಷದ ಹಿಂದ ಈ ಮನಿಗೆ ಬಂದಾಗ ನಾನು ಬಾಯಿ ತಗದ್ರ ಸಾಕು, ನಾದಿನಿಯರು ನಗತಿದ್ರು. ನನ್ನ ಮಾತಿನ್ಯಾಗ ಉರ್ದು ಜಾಸ್ತಿ, ಇವರ ಮಾತಿನ್ಯಾಗ ಮರಾಠಿ ಜಾಸ್ತಿ. ಎರಡೂ ಕನ್ನಡನ. 1956ರ ನವೆಂಬರ್ 1ಕ್ಕ ಒಂದು ರಾಜ್ಯ ಆಗೂತನಕಾ ನಮ್ಮ ತವರು ಹೈದರಾಬಾದಿಗೆ ಸೇರಿತ್ತು, ಧಾರವಾಡ ಮುಂಬೈಗೆ ಸೇರಿತ್ತು. ನನ್ನ ಅವ್ವ ಹುಟ್ಟಿದ ರಾಜ್ಯ ಬ್ಯಾರೆ, ಅತ್ತಿ ಹುಟ್ಟಿದ ರಾಜ್ಯ ಬ್ಯಾರೆ. ಆ ಲೆಕ್ಕದಾಗ ನಾನು ಪರರಾಜ್ಯದ ಸೊಸಿನ ಆದೆ.

ರೊಟ್ಟಿ ಬಡಿಯಾಕ ಕುಂತಾಗ ಮತ್ತೊಂದು ನೆನಪಾತು. ಜ್ವಾಳದ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿ ಖಾರ, ಇದಕ್ಕಿಂತ ಖರೇ ಧಾರವಾಡದ ಊಟ ಯಾವುದೈತಿ ಹೇಳ್ರಿ? ಆದ್ರ ಜ್ವಾಳ ಮದಲ ಬೆಳೆದಿದ್ದು ಆಫ್ರಿಕಾದಾಗ. ಸಾವಿರಾರು ವರ್ಷದ ಹಿಂದ ಈ ಕಡೆ ಬಂತು. ಶೇಂಗಾದ ತವರು ದಕ್ಷಿಣ ಅಮೆರಿಕ. ಮೆಣಸಿನಕಾಯಿನೂ ಅಮೆರಿಕ ಖಂಡದ್ದ. ಪೋರ್ಚುಗೀಸರು ಹಡಗಿನ್ಯಾಗ ಗೋವಾ ಕಡೆ ತಂದಿದ್ದು. ಅದಕ್ಕಿಂತ ಮದಲ ನಮ್ಮ ಹಿರ್ಯಾರಿಗೆ ಖಾರ ಅಂದ್ರ ಕರಿಮೆಣಸು. ಅದರ ಹೆಸರನ್ನ ಹೊಸಾದಕ್ಕ ಕೊಟ್ಟು ಮೆಣಸಿನಕಾಯಿ ಅಂತ ಕರಕೊಂಡ್ರು. ಈಗ ಬ್ಯಾಡಗಿ ಮೆಣಸಿನಕಾಯಿ ಅಂದ್ರ ಜಗತ್ತಿಗೆ ಗೊತ್ತು. ನವಲೂರ ಪ್ಯಾರಲಹಣ್ಣಿನ ಮೂಲಾನೂ ಅಮೆರಿಕ ಖಂಡನ. ನಾವು ದಿನಾ ಆಡೂ ಪಗಾರ, ಬಟಾಟಿ, ಇಸ್ತ್ರಿ, ಇವೆಲ್ಲಾ ಪೋರ್ಚುಗೀಸರು ಬಿಟ್ಟುಹೋದ ಶಬ್ದ. ನಮ್ಮ ಗಂಗಾಳದಾಗೂ ಹೊರಗಿನವರ, ನಮ್ಮ ನಾಲಿಗಿ ಮ್ಯಾಲೂ ಹೊರಗಿನವರ.

ಇನ್ನ ಪೇಢೆ. ಧಾರವಾಡದಿಂದ ಯಾರರ ಊರಿಗೆ ಹೊಂಟ್ರ ಕೈಯಾಗ ಪೇಢೆ ಡಬ್ಬಿ ಇಲ್ಲದ ಹೋಗೂದಿಲ್ಲ. ಖವಾ ಕೆಂಪಗ ಆಗೂತನಕಾ ಹುರಿದು, ಉಂಡಿ ಮಾಡಿ, ಸಕ್ಕರಿಯೊಳಗ ಹೊರಳಿಸಿದ ಆ ಪೇಢೆಗೆ ಈಗ ಜಿಐ ಟ್ಯಾಗ್ ಐತಿ, ಅಂದ್ರ ಇದು ಧಾರವಾಡದ್ದ ಅಂತ ಸರ್ಕಾರದ ಮುದ್ರಿ. ಅದನ್ನ ಇಲ್ಲಿ ಸುರು ಮಾಡಿದ ಠಾಕೂರ ಮನೆತನದವರು ಮಾತ್ರ ಉತ್ತರ ಪ್ರದೇಶದ ಉನ್ನಾವ ಕಡಿಯವರು. ಪ್ಲೇಗಿನ ಕಾಲಕ್ಕ ಊರು ಬಿಟ್ಟು ಬಂದು ಇಲ್ಲಿ ನಿಂತ್ರು ಅಂತ ಹೇಳ್ತಾರ. ಬ್ಯಾನಿ ಇದ್ದ ಊರಿಂದ ಬಂದವರಿಗೆ ಅವತ್ತು ಯಾರೋ ಒಬ್ಬರು ಧೈರ್ಯ ಮಾಡಿ ಇರಾಕ ಜಾಗಾ ಕೊಟ್ಟಿರಬೇಕಲ್ಲ? ಆ ಪುಣ್ಯಾತ್ಮರ ಹೆಸರು ಯಾವ ಡಬ್ಬಿ ಮ್ಯಾಲೂ ಇಲ್ಲ.

ಸಂಗೀತಾನೂ ಹಂಗ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಇವರೆಲ್ಲಾ ನಮ್ಮ ಕಡಿಯವರು ಅಂತ ಎದಿ ಉಬ್ಬಿಸ್ತೀವಿ. ಇವರು ಹಾಡಿದ್ದು ಉತ್ತರದಿಂದ ಬಂದ ಹಿಂದೂಸ್ತಾನಿ. ಕಿರಾಣಾ ಘರಾಣೆ ಅನ್ನೂದನ್ನ ಮದಲ ಕೇಳಿದಾಗ ನಾನು ಕಿರಾಣಿ ಅಂಗಡಿದು ಏನೋ ಅನ್ಕೊಂಡಿದ್ದೆ. ಅದು ಉತ್ತರ ಪ್ರದೇಶದ ಕೈರಾನಾ ಅನ್ನೂ ಊರಿನ ಹೆಸರಂತ. ಆ ಊರಿನ ಅಬ್ದುಲ್ ಕರೀಂ ಖಾನರು ಮೈಸೂರು ಅರಮನಿಗೆ ಹೋಗಿ ಬರೂ ಹಾದ್ಯಾಗ ಧಾರವಾಡದಾಗ ಇಳೀತಿದ್ರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು.

ಗಂಗೂಬಾಯಿಯವರು ಹುಟ್ಟಿದ್ದು 1913ರಾಗ, ಇಲ್ಲೇ ಧಾರವಾಡದಾಗ. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡಾವರು. ಮಗಳ ಮನಸ್ಸು ಹಿಂದೂಸ್ತಾನಿ ಕಡೆ ಎಳದಾಗ, ಆಕಿ ಗಾಯನದಾಗ ತನ್ನ ಧಾಟಿ ಬೆರಿಬಾರದು ಅಂತ ಆ ತಾಯಿ ತನ್ನ ಹಾಡನ್ನ ನಿಲ್ಲಿಸಿಬಿಟ್ರು. 1928ರಾಗ ಮಗಳ ಕಲಿಕಿ ಸಲುವಾಗಿ ಮನಿ ಹುಬ್ಬಳ್ಳಿಗೆ ಬದಲಿ ಮಾಡಿದ್ರು. ಮುಂದ ಗಂಗೂಬಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕ ಹೋಗಿ ಸವಾಯಿ ಗಂಧರ್ವರ ಹತ್ರ ಕಲಿತ್ರು. ಹೊರಗಿಂದ ಬಂದ ವಿದ್ಯಾಕ್ಕ ಜಾಗಾ ಮಾಡಿಕೊಟ್ಟಾಕಿ ಒಬ್ಬಾಕಿ ತಾಯಿ. ಅದನ್ನ ಓದಿದಾಗೆಲ್ಲಾ ನನಗ ಗಂಟಲು ಕಟ್ಟತೈತಿ.

ಮರುದಿನ ಕಟ್ಟಿ ಮ್ಯಾಲ ಇದೆಲ್ಲಾ ಹೇಳಿದೆ. ಕಾಕು ಸುಮ್ಮನ ಬಿಡಾಕಿ ಅಲ್ಲ.

"ಹಣ್ಣು ಹಂಪಲಾ, ಪೇಢೆ, ಹಾಡು ಎಲ್ಲಾ ಖರೇ. ಮಾತಿನ ಸಂಕಟ ನಿನಗ ಗೊತ್ತಿಲ್ಲ. ನಮ್ಮ ಅಜ್ಜ ಕೋರ್ಟು ಕಚೇರ್ಯಾಗ ಮರಾಠಿ ಬರಲಾರದ್ದಕ್ಕ ಎಷ್ಟು ಅವಮಾನ ತಿಂದಾನ, ಕೇಳಿ ಏನ?"

ಇದು ಹಗುರ ಮಾತಲ್ಲ ನೋಡ್ರಿ. ಮುಂಬೈ ಸರ್ಕಾರದ ಕಾಲಕ್ಕ ಧಾರವಾಡದ ಸಾಲಿ, ಕಚೇರಿ ಎಲ್ಲಾ ಕಡೆ ಮರಾಠಿದ ದರಬಾರಿತ್ತು. ಕನ್ನಡ ಮನಿ ಮಾತಾಗಿ ಅಡಗಿ ಮನ್ಯಾಗ ಉಳಕೊಂಡಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಹಟ ಹಿಡಿದು ಕನ್ನಡ ಸಾಲಿ ಬೆಳೆಸಿದ್ರು. 1890ರಾಗ ರಾ. ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ರು. ಅಷ್ಟು ಬಡಿದಾಡಿ ಉಳಿಸಿಕೊಂಡ ಮಾತು ಮತ್ತ ಹೋಗಿಬಿಟ್ರ ಹೆಂಗ ಅನ್ನೂದು ಕಾಕುನ ಅಂಜಿಕಿ. ಅದಕ್ಕ ಅರ್ಥ ಐತಿ.

ಅಷ್ಟೊತ್ತನಕಾ ಸುಮ್ಮನಿದ್ದ ಟೀಚರ್ ಅಕ್ಕ ಆಗ ಬಾಯಿ ಬಿಟ್ರು. "ಕಾಕು, ಬೇಂದ್ರೆ ಅಜ್ಜಾರ ಮನಿ ಮಾತು ಯಾವುದು?"

ಕಾಕು ಮಾತಾಡಲಿಲ್ಲ. ಎಲ್ಲಾರಿಗೂ ಗೊತ್ತಿದ್ದದ್ದ, ಬೇಂದ್ರೆಯವರ ಮನಿ ಮಾತು ಮರಾಠಿ. ಆದ್ರ ಧಾರವಾಡದ ಹೆಣ್ಣುಮಕ್ಕಳು ಬಾವಿ ಕಟ್ಟಿ ಮ್ಯಾಲ, ಬೀಸೂ ಕಲ್ಲಿನ ಮುಂದ ಆಡೂ ಕನ್ನಡಕ್ಕ ಪಟ್ಟ ಕಟ್ಟಿದವರು ಅವರ. 1973ರಾಗ 'ನಾಕು ತಂತಿ'ಗೆ ಜ್ಞಾನಪೀಠ ಬಂತು. "ಅವರ್ನೂ ಹೊರಗಿನವರು ಅಂತೀರೇನು?" ಅಂದ್ರು ಅಕ್ಕ. "ಇನ್ನ ಕಿಟೆಲ್. ಜರ್ಮನಿಯಿಂದ 1853ರಾಗ ಮಿಶನ್ನಿನ ಕೆಲಸಕ್ಕ ಬಂದಾವರು, ಧಾರವಾಡ ಕಡೆ ಇದ್ದು ಕನ್ನಡ ಕಲಿತ್ರು. ಮುಂದ 1894ರಾಗ ಅವರ ನಿಘಂಟು ಬಂತು. ಹತ್ತತ್ರ ಎಪ್ಪತ್ತು ಸಾವಿರ ಶಬ್ದ. ಸಾಲ್ಯಾಗ ನಾವು ಇನ್ನೂ ಅದನ್ನ ತಗದು ನೋಡ್ತೀವಿ."

ಅಕ್ಕ ಮತ್ತೊಂದು ಹೇಳಿದ್ರು. ಕರ್ನಾಟಕ ಕಾಲೇಜಿನ ಕಲ್ಲಿನ ಕಟ್ಟಡ ಮದಲ ಕಾಲೇಜಿಗೆ ಅಂತ ಕಟ್ಟಿದ್ದಲ್ಲ. ಅದು ಸದರ್ನ್ ಮರಾಠಾ ರೈಲ್ವೆದ ದೊಡ್ಡ ಕಚೇರಿ. 1908ರಾಗ ಆ ಕಂಪನಿ ಮದ್ರಾಸ್ ರೈಲ್ವೆ ಕೂಡ ಒಂದಾಗಿ ಕಚೇರಿ ಮದ್ರಾಸಿಗೆ ಹೋತು. ಕಟ್ಟಡ ಉಳೀತು. 1917ರಾಗ ಸುರುವಾದ ಕಾಲೇಜು ಅದರಾಗ ನೆಲಿ ನಿಂತಿತು. ಎಷ್ಟು ಊರಿನ ಮಕ್ಕಳು ಬಂದು ಅಲ್ಲಿ ಕಲಿತು ಹೋದ್ರು! ಧಾರವಾಡ ವಿದ್ಯಾಕಾಶಿ ಅನಿಸಿಕೊಂಡಿದ್ದು ಹೊರಗಿಂದ ಬಂದು ಖೋಲಿ ಹಿಡಿದು ಓದಿದ ಹುಡುಗರಿಂದ. ನಮ್ಮ ಅತ್ತಿನೂ ಇದ ಮ್ಯಾಲಿನ ಖೋಲ್ಯಾಗ ನಾಲ್ಕು ಹುಡುಗರನ್ನ ಇಟ್ಕೊಂಡು, ಅವರ ಬಾಡಿಗ್ಯಾಗ ನನ್ನ ನಾದಿನಿಯರ ಲಗ್ನ ಮಾಡಿದವರು.

ಕಡೀಕ ನಾನು ಹೊಟ್ಯಾಗಿಂದು ಹೇಳಿದೆ. ಹೋದ ವರ್ಷ ನಮ್ಮ ಮಗಳು ಪುಣೆದಾಗ ನೌಕರಿಗೆ ಸೇರಿದಾಗ ಮನಿ ಸಿಗಲಿಲ್ಲ. ಹೋದಲ್ಲೆಲ್ಲಾ "ಯಾವ ಕಡಿಯಾಕಿ, ಏನು ತಿಂತಿ" ಅನ್ನೂ ಪ್ರಶ್ನಿ. ಒಂದಿನ ರಾತ್ರಿ ಫೋನ್ ಮಾಡಿ ಅತ್ಲು. ಆಮ್ಯಾಲ ಒಬ್ಬ ಆಜಿ, ಒಬ್ಬಾಕಿನ ಇರಾಕಿ, ತನ್ನ ಮನಿಯ ಒಂದು ಖೋಲಿ ಕೊಟ್ಲು. ಮದಲನೇ ದಿನ ವರಣ ಅನ್ನ ಮಾಡಿ ಹಾಕಿದ್ಲಂತ. ನನ್ನ ಮಗಳಿಗೆ ಸಿಕ್ಕ ಆಜಿ ಈ ಹುಡುಗಿಗೆ ಸಿಗಬಾರದೇನು?

ಕಾಕು ಭಾಳೊತ್ತು ಸೆರಗಿನ ಚುಂಗು ತಿರುವಿಕೋತ ಕುಂತ್ರು. "ಕೊಡವಾ, ಕೊಡು. ಆದ್ರ ಆಕಿ ಕನ್ನಡ ಕಲೀಬೇಕು" ಅಂದ್ರು.

ಅದು ನನಗ ಸರಿ ಕಂಡ್ತು. ಊರಿಗೆ ಬಂದಾವರು ಊರಿನ ಮಾತು ಕಲೀಬೇಕು. ಬೇಂದ್ರೆಯವರ ಮನೆತನಾನೂ ಕಲೀತು, ಕಿಟೆಲ್ರೂ ಕಲಿತ್ರು, ನಾನೂ ಈ ಊರಿನ ಧಾಟಿ ಕಲಿತೆ. ಆದ್ರ ಕಲಿಸೂ ಕೆಲಸ ಯಾರದು? ನನಗ ಈ ಮಾತು ಪುಸ್ತಕ ಕಲಿಸಲಿಲ್ಲ, ನಮ್ಮ ಅತ್ತಿ ಕಲಿಸಿದ್ರು. ಬಾಗಲಾ ಹಾಕ್ಕೊಂಡು ಕುಂತು ಅವರಿಗೆ ನಮ್ಮ ಮಾತು ಬರೂದಿಲ್ಲ ಅಂತ ಬೈದ್ರ, ಅವರಿಗೆ ಬರೂದು ಹೆಂಗ?

ಖೋಲಿ ಕೊಟ್ಟು ಹದಿನೈದು ದಿನ ಆತು. ಎಲ್ಲಾ ಸುಸೂತ್ರ ಐತಿ ಅಂತ ಸುಳ್ಳು ಹೇಳೂದಿಲ್ಲ. ಸಾಸಿವಿ ಎಣ್ಣಿ ಒಗ್ಗರಣಿ ವಾಸನಿ ನಮ್ಮ ಮನಿಯವರಿಗೆ ಇನ್ನೂ ಹೊಂದಿಲ್ಲ. ನಳಾ ಬಂದ ದಿನ ಟಾಕಿ ತುಂಬಿ ಹರಿದ್ರೂ ಆಕಿಗೆ ಖಬರ ಇರಲಿಲ್ಲ, ನಾನ ಮ್ಯಾಲ ಹೋಗಿ ಬಂದ್ ಮಾಡಿ, ನೀರಿನ ಕಿಮ್ಮತ್ತು ಕೈ ಬಾಯಿ ಸನ್ನಿ ಮಾಡಿ ತಿಳಿಸಿದೆ.

ನಿನ್ನೆ ಸಂಜಿಮುಂದ ಆಕಿ ಕೂಸು ಎತ್ಕೊಂಡು ಕಟ್ಟಿ ತುದಿಗೆ ಬಂದು ನಿಂತ್ಲು. ಕಾಕುನ ಜಾಗಾ ಸರಿದು, ಕಟ್ಟಿ ಬಡದು, "ಕುಂದರು" ಅಂದ್ರು. ಆಕಿಗೆ ತಿಳೀಲಿಲ್ಲ. ಕಾಕು ಮತ್ತೊಮ್ಮೆ ಕಟ್ಟಿ ಬಡದ್ರು. "ಕುಂ-ದ-ರು."

"ಕುಂದರು" ಅಂತ ಅಂದು ಆಕಿ ಕುಂತ್ಲು. ನಾನು ಐದನೇ ಕಪ್ಪು ತರಾಕ ಒಳಗ ಹೋದೆ.