ಹೊಳೆಯ ಜೀವಕ್ಕೆ ಮನೆಯ ಪಾಲೆಷ್ಟು?

ರಂಗನತಿಟ್ಟಿನಲ್ಲಿ ದೋಣಿ ಹತ್ತುವವರು ಟಿಕೆಟ್ ಕೊಳ್ಳುತ್ತಾರೆ. ಅದೇ ಕಾವೇರಿಯಲ್ಲಿ ನೀರುನಾಯಿ, ಮೊಸಳೆ, ಬಿಳಿಮೀನು ಉಳಿಯಲೆಂದು ಶ್ರೀರಂಗಪಟ್ಟಣದ ಒಂದು ಮನೆಯವರು ವರ್ಷಕ್ಕೆ ಎಷ್ಟು ತೆತ್ತಾರು? ಸಂತೆಯಲ್ಲಿ ಸಿಗದ ಇಂಥ ಸೊತ್ತಿಗೆ ಬೆಲೆ ಕಟ್ಟುವ ವಿದ್ಯೆ ಮುಕ್ಕಾಲು ಶತಮಾನದಷ್ಟು ಹಳೆಯದು.

ಜನರನ್ನೇ ಕೇಳಿ ತಿಳಿಯಬಹುದೆಂದು 1947ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಸಿರಿಯಾಸಿ-ವಾಂಟ್ರಪ್ ಸೂಚಿಸಿದರು. 1963ರಲ್ಲಿ ರಾಬರ್ಟ್ ಡೇವಿಸ್, ಮೇನ್ ರಾಜ್ಯದ ಕಾಡಿಗೆ ಬರುವವರನ್ನು ಹಾಗೆಯೇ ಕೇಳಿ ನೋಡಿದರು. ತಾವೆಂದೂ ಕಾಣದ ಕಾಡು ಉಳಿದಿದೆ ಎಂಬ ನೆಮ್ಮದಿಗೂ ಬೆಲೆಯುಂಟು ಎಂದು 1967ರಲ್ಲಿ ಜಾನ್ ಕ್ರುಟಿಲ್ಲಾ ವಾದಿಸಿದರು.

1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ ಅಲಾಸ್ಕದ ಕಡಲಿಗೆ ಚೆಲ್ಲಿತು. ಮನೆಮನೆಯ ಸಮೀಕ್ಷೆ ನಡೆಸಿದವರು ಸುಮಾರು 280 ಕೋಟಿ ಡಾಲರ್ ನಷ್ಟವೆಂದು ಲೆಕ್ಕ ಹಾಕಿದರು. ಬಾಯಲ್ಲಿ ಒಪ್ಪಿದ ದುಡ್ಡು ಜೇಬಿನಿಂದ ಬಂದೀತೇ ಎಂಬ ಜಗಳ ಅಲ್ಲಿಂದ ಜೋರಾಯಿತು. 1993ರಲ್ಲಿ ಅರ್ಥಶಾಸ್ತ್ರಜ್ಞರಾದ ಕೆನೆತ್ ಆರೋ, ರಾಬರ್ಟ್ ಸೊಲೋ ನೇತೃತ್ವದ ಸಮಿತಿ ಇಂಥ ಸಮೀಕ್ಷೆಗಳಿಗೆ ಕಟ್ಟುನಿಟ್ಟಿನ ನಿಯಮ ಕೊಟ್ಟಿತು: 'ಎಷ್ಟು ಕೊಡುತ್ತೀರಿ' ಎನ್ನಬೇಡಿ, 'ಇಷ್ಟು ಕೊಡಬೇಕಾದರೆ ಒಪ್ಪುತ್ತೀರಾ' ಎಂದು ಕೇಳಿ, ಮನೆಯ ಬೇರೆ ಖರ್ಚುಗಳನ್ನೂ ನೆನಪಿಸಿ. ಮರುವರ್ಷ ಸಂಶೋಧಕ ಆಡಮೊವಿಚ್ ಮತ್ತು ಸಂಗಡಿಗರು ಕೆನಡಾದ ನದಿಗಳ ವಿಷಯದಲ್ಲಿ ಹಲವು ಪರ್ಯಾಯಗಳನ್ನು ಮುಂದಿಟ್ಟು, ಒಂದನ್ನು ಆರಿಸಿ ಎನ್ನುವ ಕ್ರಮ ತಂದರು.

ಭಾರತದಲ್ಲಿ 1997ರಲ್ಲಿ ಪ್ರಕಟವಾದ ಬೊರಿವಲಿ ರಾಷ್ಟ್ರೀಯ ಉದ್ಯಾನದ ಅಧ್ಯಯನ, ಮುಂಬಯಿಯ ಮನೆಯೊಂದು ತಿಂಗಳಿಗೆ ಏಳೂವರೆ ರೂಪಾಯಿ ಕೊಟ್ಟೀತು ಎಂದಿತು. ನಮ್ಮಲ್ಲಿ ಇನ್ನೊಂದು ತಿರುವು ಸಿಕ್ಕಿತು. ಕೊಡಗಿನ ಮಾಲ್ದಾರೆಯಲ್ಲಿ ಆನೆ ಸಂರಕ್ಷಣೆಯ ಬಗ್ಗೆ ಕೆ. ಎನ್. ನೈನನ್ ಮತ್ತು ಜ್ಯೋತಿಸ್ ಸತ್ಯಪಾಲನ್ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ, ಜನ ಎಷ್ಟು ಸಮಯ ಕೊಟ್ಟಾರು ಎಂದು ಅಳೆಯಿತು.

ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಗೆ ಹೊಂದುವ ಪಾಠ ಇಲ್ಲೇ ಇದೆ: ದುಡ್ಡೊಂದೇ ಅಳತೆಯಲ್ಲ. ಶ್ರೀರಂಗಪಟ್ಟಣದ್ದು ಹೊಳೆ, ನಾಲೆಗಳ ಬದುಕು. 2022ರಲ್ಲಿ ರಂಗನತಿಟ್ಟು ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿ ಸೇರಿ ರಾಮ್ಸಾರ್ ತಾಣವೂ ಆಯಿತು. ಪಾಂಡವಪುರಕ್ಕೆ ತೊಣ್ಣೂರು ಕೆರೆಯಿದೆ, ಕೆ.ಆರ್. ಪೇಟೆಗೆ ಹೇಮಾವತಿಯಿದೆ. ನಾಗಮಂಗಲದವರು ಹೆಚ್ಚಾಗಿ ಮಳೆಯನ್ನೂ ಕೆರೆಯನ್ನೂ ಕೊಳವೆಬಾವಿಯನ್ನೂ ನಂಬಿದವರು. ನಾಲೆ ಬಯಲಿನ ಕಬ್ಬು ಬೆಳೆಗಾರನಿಗೂ ಒಣಭೂಮಿಯ ರಾಗಿ ರೈತನಿಗೂ ಒಂದೇ ಪ್ರಶ್ನೆ ಹಾಕಿ ಸರಾಸರಿ ತೆಗೆದರೆ, ಆ ಅಂಕಿ ಇಬ್ಬರದ್ದೂ ಆಗುವುದಿಲ್ಲ. ಕೈಯಲ್ಲಿ ಕಾಸಿಲ್ಲದವನ 'ಆಗಲ್ಲ' ಎಂಬ ಮಾತನ್ನು 'ಬೇಡ' ಎಂದು ಬರೆದುಕೊಂಡರೆ ಅನ್ಯಾಯವೇ ಆದೀತು.

ಹಾಗೆ ನೋಡಿದರೆ ನೀರಿಗಾಗಿ ತೆರುವುದು ಈ ನಾಡಿಗೆ ಹೊಸದಲ್ಲ. ಕೆರೆ ಕಟ್ಟಿ ಕಾಯುವುದಕ್ಕೆ ಬಿಟ್ಟ ದಶವಂದ, ಬಿಟ್ಟುವಟ್ಟ ಎಂಬ ದತ್ತಿಗಳನ್ನು ಶಾಸನಗಳು ದಾಖಲಿಸಿವೆ. ಅಲ್ಲಿ ಕೊಟ್ಟದ್ದು ಯಾವ ಕೆರೆಗೆ, ಯಾರ ಕೈಗೆ ಎಂಬುದು ಕೊಟ್ಟವರಿಗೆ ಗೊತ್ತಿತ್ತು. ಇಂದಿನ ಸಮೀಕ್ಷೆಗಾರರೂ ಮೊತ್ತ ಕೇಳುವ ಮುನ್ನ ಅದನ್ನು ತಿಳಿಸಲಿ. ರೂಪಾಯಿಯ ಪಕ್ಕದಲ್ಲಿ ಹೂಳೆತ್ತುವ ಆಳುದಿನಗಳಿಗೂ ಒಂದು ಕಲಂ ಇಡಲಿ.